ಕೋವಿ ಜಗಲಿಯಲ್ಲಿ, ಕೇಪು ಟ್ರಂಕಿನಲ್ಲಿ

ಹೋದ ಮಳೆಗಾಲದಲ್ಲಿ ಒಂದು ರಾತ್ರಿ ಹತ್ತೂವರೆಗೆ ಗೆಳೆಯನೊಬ್ಬ ಫೋನ್ ಮಾಡಿದ. "ಮಾರಾಯ, ಒಂದು ಕೋವಿ ತಗೋಬೇಕು. ಯಾವ್ದು ಒಳ್ಳೇದು?" ಅಂದ. ಮಿಕ್ಸಿ ಯಾವುದು ಒಳ್ಳೇದು ಅಂತ ಕೇಳುವ ದನಿ. ಅವನು ಹುಟ್ಟಿ ಬೆಳೆದದ್ದೆಲ್ಲ ಬೆಂಗಳೂರಿನಲ್ಲಿ. ಸಕಲೇಶಪುರದ ಆಚೆ ಮೂರು ಎಕರೆ ಹಳೇ ಕಾಫಿ ತೋಟ ತಗೊಂಡು, ಅದರ ತಲೆಯ ಮೇಲೆ ಎರಡು ಕೋಣೆಯ ಮನೆ ಕಟ್ಟಿಸಿದ್ದಾನೆ. ಕಂಪನಿ ಕೆಲಸ ಅಲ್ಲಿಂದಲೇ. ಹತ್ತಿರದ ಮನೆಗೆ ಒಂದೂವರೆ ಕಿಲೋಮೀಟರ್. ಕರೆಂಟ್ ಹೋದರೆ ಮೂರು ದಿನ. ಮೊದಲ ಮಳೆಗಾಲ ಮುಗಿಯುವ ಮೊದಲೇ ಅವನಿಗೆ ರಾತ್ರಿಯ ಸದ್ದುಗಳು ಕೇಳಿಸತೊಡಗಿದ್ದವು. ಸಾಲದ್ದಕ್ಕೆ ಅಲಾಸ್ಕದ ಕಾಡಿನಲ್ಲಿ ಮರದ ಮನೆ ಕಟ್ಟಿಕೊಂಡಿರುವವರ ವಿಡಿಯೊ ನೋಡುವ ಚಟ ಬೇರೆ. ಅವರ ಲೆಕ್ಕದಲ್ಲಿ ಒಂಟಿ ಮನೆಗೆ ಮೂರು ಬಂದೂಕು ಬೇಕು. ಕರಡಿಗೆ ಒಂದು ದೊಡ್ಡ ರೈಫಲ್, ಬಾಗಿಲ ಹಿಂದೆ ಒಂದು ಪಂಪ್ ಶಾಟ್‌ಗನ್, ಮೊಲ ಅಳಿಲಿಗೆ ಪಾಯಿಂಟ್ ಟೂ ಟೂ ಅನ್ನುವ ಒಂದು ಸಣ್ಣ ರೈಫಲ್. ಗೆಳೆಯ ಆ ಪಟ್ಟಿ ಎದುರಿಗಿಟ್ಟುಕೊಂಡೇ ಫೋನ್ ಮಾಡಿದ್ದ.

ನನ್ನನ್ನೇ ಕೇಳಲು ಕಾರಣ ಇತ್ತು. ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಂಟಿ ಮನೆ. ಅಜ್ಜನ ಕಾಲದಿಂದ ಮನೆಯಲ್ಲಿ ಒಂದು ಕೋವಿ ಇತ್ತು. ಇತ್ತು ಅಂತ ಯಾಕೆ ಹೇಳುತ್ತಿದ್ದೇನೆ ಅಂದರೆ, ಅದು ಈಗ ಶಿವಮೊಗ್ಗದ ಒಂದು ಬಂದೂಕಿನ ಅಂಗಡಿಯಲ್ಲಿ, ಕೊರಳಿಗೆ ಚೀಟಿ ಕಟ್ಟಿಸಿಕೊಂಡು ನಿಂತಿದೆ. ಅಪ್ಪಯ್ಯ ತೀರಿಕೊಂಡ ಮೇಲೆ ಲೈಸೆನ್ಸೂ ಅವರ ಜೊತೆಗೇ ಹೋಯಿತಲ್ಲ. ಕೋವಿಯನ್ನು ಠಾಣೆಗೋ ಡೀಲರಿಗೋ ಒಪ್ಪಿಸಬೇಕು. ವಾರಸುದಾರರು ಬೇಕೆಂದರೆ ಅರ್ಜಿ ಹಾಕಿ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬಹುದು, ಬೇಡವೆಂದರೆ ಮಾರಬಹುದು. ನಾನು ಎರಡೂ ಮಾಡದೆ ಕೂತಿದ್ದೆ. ಹಾಗಾಗಿ ಗೆಳೆಯನ ಪ್ರಶ್ನೆಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. "ನಾಳೆ ಹೇಳ್ತೀನಿ" ಅಂತ ಇಟ್ಟೆ. ಆ ನಾಳೆ ಬರಲು ಏಳೆಂಟು ತಿಂಗಳು ಹಿಡಿಯಿತು.

ಕಾನೂನು ಆರಿಸಿಟ್ಟ ಕೋವಿ

ಮೊದಲು ಅವನ ಪಟ್ಟಿಗೇ ಬರೋಣ. ನಮ್ಮಲ್ಲಿ ಅಂಗಡಿಗೆ ಹೋಗಿ ಬೇಕಾದ್ದು ಆರಿಸುವ ಪ್ರಶ್ನೆ ಜಾಸ್ತಿ ಇಲ್ಲ. ರೈತನಿಗೆ ಯಾವುದು ಸಾಕು ಅಂತ 1959ರ ಶಸ್ತ್ರಾಸ್ತ್ರ ಕಾಯ್ದೆಯೇ ಆರಿಸಿಟ್ಟಿದೆ. ಅದರ 13ನೇ ಸೆಕ್ಷನ್ ಓದಿದರೆ ಮಜಾ ಅನಿಸುತ್ತದೆ. ನಿಜವಾಗಿ ಬೆಳೆ ಕಾಯುವುದಕ್ಕೆ ಅಂತ ಬಾಯಿಂದ ಮದ್ದು ತುಂಬುವ ಕೋವಿ ಕೇಳಿದವನಿಗೆ, ಬೇರೆ ತಕರಾರು ಇಲ್ಲದಿದ್ದರೆ, ಅಧಿಕಾರಿ ಲೈಸೆನ್ಸ್ ಕೊಡಲೇಬೇಕು ಅನ್ನುವ ಧಾಟಿ ಅದರದ್ದು. ಇಂಥ ಕೋವಿ ಸಾಲದು ಅಂತ ಅಧಿಕಾರಿಗೆ ಮನವರಿಕೆ ಆದರೆ, 20 ಇಂಚಿಗೆ ಕಮ್ಮಿಯಿಲ್ಲದ ನಳಿಗೆಯ, ಒಳಗೆ ಗೀರುಗಳಿಲ್ಲದ ಬೇರೆ ಕೋವಿ ಕೊಡಬಹುದು. ರೈಫಲ್, ರಿವಾಲ್ವರ್ ಬೇಕು ಅಂದವರು ಮಾತ್ರ ತಕ್ಕ ಕಾರಣ ತೋರಿಸಬೇಕು. ಅಂದರೆ ಬಾಯಿಂದ ಮದ್ದು ತುಂಬಿ, ಕೇಪು ಏರಿಸಿ ಹೊಡೆಯುವ ಊರಿನ ಕೇಪಿನ ಕೋವಿ ಬಡವರ ಮನೆಯ ಹಳೇ ಸಾಮಾನು ಅಂತ ನಾವು ಅಂದುಕೊಂಡಿದ್ದರೂ ಬೆಳೆ ಕಾಯುವುದಕ್ಕೆ ಕಾಯ್ದೆ ಬರೆದವರು ಮೊದಲು ಆರಿಸಿದ್ದು ಅದನ್ನೇ.

ಲೈಸೆನ್ಸ್ ಪುಸ್ತಕದಲ್ಲಿ ಅದಕ್ಕೆ ಎಸ್‌ಬಿಎಂಎಲ್ ಅಂತ ಬರೆಯುತ್ತಾರೆ. ಒಂಟಿ ನಳಿಗೆ, ಬಾಯಿಂದ ತುಂಬುವುದು. ಹಿಂದಿನಿಂದ ತೋಟಾ ಹಾಕುವ ಒಂಟಿ ನಳಿಗೆಯದ್ದು ಎಸ್‌ಬಿಬಿಎಲ್, ಜೋಡಿ ನಳಿಗೆಯದ್ದು ಡಿಬಿಬಿಎಲ್. ನಮ್ಮ ಕಡೆ ಹಳಬರು ಇದನ್ನೆಲ್ಲ "ಕೇಪಿನದು, ತೋಟೆದು, ಜೋಡಿದು" ಅಂತ ಮೂರೇ ಮಾತಲ್ಲಿ ಮುಗಿಸುತ್ತಿದ್ದರು. ತೋಟೆ ಕೋವಿ ಅಂದರೆ ಬಹಳ ಮಟ್ಟಿಗೆ 12 ಬೋರ್. ಈ ಹನ್ನೆರಡು ಎಲ್ಲಿಂದ ಬಂತು ಅಂತ ಚಿಕ್ಕವನಿದ್ದಾಗ ಬಹಳ ತಲೆ ಕೆಡಿಸಿಕೊಂಡಿದ್ದೆ. ಇಂಚೂ ಅಲ್ಲ, ಮಿಲಿಮೀಟರೂ ಅಲ್ಲ. ಒಂದು ಪೌಂಡ್ ಸೀಸದಿಂದ ಒಂದೇ ಸಮನಾದ ಹನ್ನೆರಡು ಗುಂಡು ಮಾಡಿದರೆ, ಅದರಲ್ಲಿ ಒಂದು ಗುಂಡು ಸರಿಯಾಗಿ ಕೂರುವಷ್ಟು ಅಗಲದ ನಳಿಗೆ. ಹೆಚ್ಚುಕಮ್ಮಿ ಹದಿನೆಂಟೂವರೆ ಮಿಲಿಮೀಟರ್. ಅದಕ್ಕೇ ನಂಬರ್ ಜಾಸ್ತಿಯಾದಷ್ಟೂ ನಳಿಗೆ ಸಣ್ಣದಾಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಗೆಳೆಯ ಕೇಳಿದ, "ಸರಿ, ಕೊಡ್ತಾರೆ ಅಂತಾಯ್ತು. ಹಂದಿ ಬಂದ್ರೆ ಹೊಡೀಬಹುದಾ?" ಇಲ್ಲ. 1972ರ ವನ್ಯಜೀವಿ ಕಾಯ್ದೆಯಲ್ಲಿ ಕಾಡುಹಂದಿ ಮೊದಲು ಮೂರನೇ ಪಟ್ಟಿಯಲ್ಲಿತ್ತು. 2022ರ ತಿದ್ದುಪಡಿಯ ನಂತರ ಎರಡನೇ ಪಟ್ಟಿಗೆ ಬಂತು. ಬೆಳೆ ಹಾಳು ಮಾಡುತ್ತದೆ ಅಂತ ಅದನ್ನು ಹೊಡೆಯಬೇಕಾದರೆ ಅಧಿಕಾರ ಇರುವ ಅರಣ್ಯಾಧಿಕಾರಿಯ ಲಿಖಿತ ಅನುಮತಿ ಬೇಕು. ಆನೆ, ಕಾಟಿ, ನವಿಲು ಎಲ್ಲ ಮೊದಲನೇ ಪಟ್ಟಿ, ಆ ಮಾತೇ ಬೇಡ. ಮೈಮೇಲೆ ಬಿದ್ದ ಪ್ರಾಣಿಯಿಂದ ಜೀವ ಉಳಿಸಿಕೊಳ್ಳುವಾಗ ಅದು ಸತ್ತರೆ ಅಪರಾಧ ಅಲ್ಲ ಅನ್ನುವ ಒಂದು ಸಾಲು ಉಂಟು, ನಿಜ. ಆದರೆ ಆ ಸಾಲನ್ನು ನಂಬಿಕೊಂಡು ಬದುಕುವುದಕ್ಕಾಗುವುದಿಲ್ಲ. ಒಟ್ಟಿನಲ್ಲಿ ಬೆಳೆ ರಕ್ಷಣೆ ಅಂತ ಬರೆದ ಲೈಸೆನ್ಸ್ ಕೈಯಲ್ಲಿರುತ್ತದೆ, ಬೆಳೆ ತಿನ್ನುವ ಪ್ರಾಣಿ ಕಣ್ಣೆದುರಿಗಿರುತ್ತದೆ, ಹೊಡೆಯುವ ಹಾಗಿಲ್ಲ. ಇದು ಸರಿಯೋ ತಪ್ಪೋ ಅಂತ ನಮ್ಮ ಕಡೆ ಯಾವ ಮದುವೆ ಮನೆಯ ಪಂಕ್ತಿಯಲ್ಲಿ ಕೇಳಿದರೂ ಪಾಯಸ ಬರುವವರೆಗೆ ಜಗಳ ನಡೆಯುತ್ತದೆ.

"ಹಾಗಾದ್ರೆ ಕೋವಿ ಎಂತಕ್ಕೆ ಮಾರಾಯ?" ಅಂದ. "ಸದ್ದಿಗೆ" ಅಂದೆ. ಅವನು ನಕ್ಕ. ನಾನು ತಮಾಷೆ ಮಾಡಿರಲಿಲ್ಲ. ಅಪ್ಪಯ್ಯ ವರ್ಷಕ್ಕೆ ಹೊಡೆಯುತ್ತಿದ್ದ ಹತ್ತು ಹನ್ನೆರಡು ಈಡಿನಲ್ಲಿ ಬಹುಪಾಲು ಬರೀ ಮದ್ದಿನದು, ಆಕಾಶಕ್ಕೆ. ಕಪ್ಪು ಮದ್ದಿನ ಸದ್ದು ತೋಟೆ ಕೋವಿಯ ಹಾಗೆ ಠಳ್ ಅಂತ ಬಡಿಯುವುದಿಲ್ಲ. ಢಂ ಅಂತ ಎದ್ದು, ಎದುರಿನ ಗುಡ್ಡಕ್ಕೆ ಹೋಗಿ ವಾಪಸ್ ಬರುತ್ತದೆ. ಹಂದಿ ಎರಡು ರಾತ್ರಿ ಆ ಕಡೆ ತಲೆ ಹಾಕುವುದಿಲ್ಲ. ಮಂಗಗಳ ವಿಷಯ ಬೇರೆ. ನಮ್ಮನೆ ಮಂಗಗಳಿಗೆ ಕೋವಿಗೂ ಕೊಡೆಗೂ ವ್ಯತ್ಯಾಸ ಗೊತ್ತಾಗಲು ಒಂದು ವಾರ ಸಾಕಾಯಿತು. ಅಪ್ಪಯ್ಯ ಕೊಡೆ ಎತ್ತಿ ಗುರಿ ಹಿಡಿದರೆ, ಎಳೆ ಅಡಿಕೆ ಕಚ್ಚಿ ರಸ ಹೀರಿ ಸಿಪ್ಪೆಯನ್ನು ಅವರ ತಲೆಯ ಮೇಲೇ ಉಗುಳುತ್ತಿದ್ದವು.

ಮಾಳದ ರಾತ್ರಿ

ಕೋವಿ ಅಂದಾಗೆಲ್ಲ ನನಗೆ ನೆನಪಾಗುವುದು ಒಂದೇ ರಾತ್ರಿ. ನನಗೆ ಹನ್ನೊಂದು ವರ್ಷ ಇರಬೇಕು. ನವೆಂಬರ್, ಭತ್ತ ಕೊಯ್ಲಿಗೆ ಬಂದಿತ್ತು. ಗದ್ದೆಯ ಮೇಲಿನ ಅಂಚಿನಲ್ಲಿ ನಾಲ್ಕು ಕಂಬ ನೆಟ್ಟು, ಮೇಲೆ ದಬ್ಬೆ ಹಾಸಿ, ಹುಲ್ಲು ಹೊದೆಸಿದ ಮಾಳ. ಅಪ್ಪಯ್ಯನ ಜೊತೆ ಮಲಗಲು ಹೋಗುತ್ತೇನೆ ಅಂತ ಹಟ ಮಾಡಿ ಹೋಗಿದ್ದೆ. ಕೆಳಗೆ ಬೆಂಕಿ ಹಾಕಿದ ಒಂದು ಮರದ ಕುಂಟೆ ಹೊಗೆಯಾಡುತ್ತಿತ್ತು. ಕೋವಿಯನ್ನು ಸಂಜೆಯೇ ತುಂಬಿ ಇಟ್ಟಿದ್ದರು. ಮದ್ದು, ಅದರ ಮೇಲೆ ತೆಂಗಿನ ಕತ್ತ, ಮೇಲೆ ಚರೆ, ಅಂದರೆ ಸೀಸದ ಸಣ್ಣ ಗುಂಡುಗಳು, ಮತ್ತೆ ಕತ್ತ. ಗಜ ಅನ್ನುವ ಉದ್ದನೆಯ ಕೋಲು ಹಾಕಿ ಜಡಿಯುವಾಗ ನನ್ನ ಕೈಗೂ ಒಂದು ಸಲ ಕೊಟ್ಟಿದ್ದರು. ಕೇಪು ಮಾತ್ರ ಏರಿಸಿರಲಿಲ್ಲ. ಕೇಪು ಅಂದರೆ ತಾಮ್ರದ ಒಂದು ಪುಟ್ಟ ಟೊಪ್ಪಿ, ಹೆಸರುಕಾಳಿಗಿಂತ ಸ್ವಲ್ಪ ದೊಡ್ಡದು. ಅದನ್ನು ಕೋವಿಯ ಕುದುರೆ, ಅಂದರೆ ಸುತ್ತಿಗೆಯಂಥ ಕೊಕ್ಕೆ, ಬಡಿಯುವ ಜಾಗದಲ್ಲಿ ಕೂರಿಸದಿದ್ದರೆ ಕೋವಿ ಬರೀ ಕಬ್ಬಿಣದ ಕೊಳವೆ. ಆ ಕೇಪುಗಳನ್ನು ಅಪ್ಪಯ್ಯ ಒಂದು ಹಳೇ ನಶ್ಯದ ಡಬ್ಬಿಯಲ್ಲಿ ಹಾಕಿ ಅಂಗಿ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದರು.

ಎಷ್ಟು ಹೊತ್ತಿಗೋ ಗೊತ್ತಿಲ್ಲ, ಅಪ್ಪಯ್ಯ ನನ್ನ ಭುಜ ಒತ್ತಿದರು. ಗದ್ದೆಯ ಕೆಳಗಿನ ಮೂಲೆಯಲ್ಲಿ ಭತ್ತ ಸರಸರ ಅನ್ನುತ್ತಿತ್ತು. ನಿಲ್ಲುತ್ತಿತ್ತು, ಮತ್ತೆ ಸರಸರ. ಒಂದು ಹೊರಳಿದ ಸದ್ದು, ಒಂದು ಗುಟುರು. ಬೆಳದಿಂಗಳು ಇರಲಿಲ್ಲ. ಕಪ್ಪಗೆ ಒಂದು ಗುಡ್ಡೆ ಅಲ್ಲಾಡಿದ ಹಾಗೆ ನನಗೂ ಕಂಡಿತು. "ಹಂದಿ" ಅಂತ ಪಿಸುಗುಟ್ಟಿದೆ. ಅಪ್ಪಯ್ಯ ಕೋವಿ ಎತ್ತಿಕೊಂಡರು, ಡಬ್ಬಿ ತೆಗೆದರು. ಚಳಿಗೆ ಬೆರಳು ಮರಗಟ್ಟಿತ್ತೋ ಏನೋ, ಕೇಪು ಜಾರಿ ದಬ್ಬೆಯ ಸಂದಿಗೆ ಬಿತ್ತು. ಇನ್ನೊಂದು ತೆಗೆದರು. ಅದೂ ಸರಿಯಾಗಿ ಕೂರಲಿಲ್ಲ. ಹಲ್ಲಲ್ಲಿ ಬ್ಯಾಟರಿ ಕಚ್ಚಿ ಹಿಡಿದು ಬೆಳಕಿನಲ್ಲಿ ಅದನ್ನು ಒತ್ತುತ್ತಿದ್ದರು. ಅಷ್ಟರಲ್ಲಿ ಗದ್ದೆಯ ಮೂಲೆಯಿಂದ ಒಂದು ಕೆಮ್ಮು ಬಂತು. ಮನುಷ್ಯನ ಕೆಮ್ಮು.

ಹೊಳೆಯಾಚೆಯವರೊಬ್ಬರು. ನಮ್ಮನೆ ಕೆಲಸಕ್ಕೆ ಬರುತ್ತಿದ್ದವರೇ. ಸಂತೆಗೆ ಹೋಗಿ, ಅಲ್ಲಿ ಕುಡಿದು, ಅಡ್ಡದಾರಿಯಲ್ಲಿ ಮನೆಗೆ ಹೋಗುತ್ತಾ ಗದ್ದೆ ಬದಿಯಲ್ಲಿ ಎಡವಿ ಬಿದ್ದು, ಏಳಲಾರದೆ ಹೊರಳಾಡುತ್ತಿದ್ದರು. ಅಪ್ಪಯ್ಯ ಕೋವಿಯನ್ನು ಮಾಳದ ಮೇಲೇ ಬಿಟ್ಟು ಇಳಿದರು. ಬಯ್ಯಲಿಲ್ಲ. ಅವರ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿ, ನನ್ನ ಕೈಗೆ ಬ್ಯಾಟರಿ ಕೊಟ್ಟು, ಸಂಕ ದಾಟಿಸಿ ಮನೆ ಮುಟ್ಟಿಸಿ ಬಂದರು. ವಾಪಸ್ ಬರುವಾಗ ಒಂದು ಮಾತಾಡಲಿಲ್ಲ. ಮಾಳದ ಬುಡಕ್ಕೆ ಬಂದ ಮೇಲೆ ಕುಂಟೆಯ ಹತ್ತಿರ ಕೂತರು. ಅವರ ಮೊಣಕಾಲು ನಡುಗುತ್ತಿದ್ದದ್ದು ಬೆಂಕಿಯ ಬೆಳಕಿನಲ್ಲಿ ಕಾಣುತ್ತಿತ್ತು.

ಮಾರನೇ ದಿನ ಅಮ್ಮನಿಗೆ ಹೇಳಿದ್ದು ಅಪ್ಪಯ್ಯನೋ ನಾನೋ ನೆನಪಿಲ್ಲ. ನಾನೇ ಇರಬೇಕು. ಅಮ್ಮ ಪಾತ್ರೆ ತೊಳೆಯುತ್ತಿದ್ದವಳು ಕೈ ಒರೆಸಿಕೊಂಡು ಬಂದು, ಗೂಟಕ್ಕೆ ನೇತುಹಾಕಿದ್ದ ಅಂಗಿಯ ಜೇಬಿನಿಂದ ನಶ್ಯದ ಡಬ್ಬಿ ತೆಗೆದುಕೊಂಡು, ತನ್ನ ಮದುವೆಯ ಟ್ರಂಕಿನಲ್ಲಿ ಸೀರೆಗಳ ಅಡಿಗೆ ಇಟ್ಟಳು. ಬೀಗದ ಕೈ ಸೊಂಟಕ್ಕೆ. ಅಲ್ಲಿಂದಾಚೆಗೆ ನಮ್ಮನೆಯಲ್ಲಿ ಕೋವಿ ಜಗಲಿಯ ಒಳಕೋಣೆಯಲ್ಲಿ, ಮದ್ದು ಅಟ್ಟದ ಮೇಲೆ ಮಳೆಯ ತೇವ ತಾಗದ ಹಾಗೆ ಡಬ್ಬದಲ್ಲಿ, ಕೇಪು ಅಮ್ಮನ ಟ್ರಂಕಿನಲ್ಲಿ. ಅಪ್ಪಯ್ಯನಿಗೆ ಈಡು ಹೊಡೆಯಬೇಕು ಅನಿಸಿದರೆ ಅಡುಗೆಮನೆ ಬಾಗಿಲಿಗೆ ಹೋಗಿ ನಿಂತು ಕೇಳಬೇಕು. "ಎಂತಕ್ಕೆ?" ಅಂತ ಅಮ್ಮ ಕೇಳುತ್ತಿದ್ದಳು. ಪ್ರತಿ ಸಲ ಕೇಳುತ್ತಿದ್ದಳು. ಒಮ್ಮೆ ಬೇಲಿಯ ವಿಷಯಕ್ಕೆ ದಾಯಾದಿಗಳ ಜೊತೆ ಜೋರು ಜಗಳ ಆಗಿ ಅಪ್ಪಯ್ಯ ಕೆಂಪಗಾಗಿ ಒಳಗೆ ಬಂದಿದ್ದರು. ಅವತ್ತು ಮಧ್ಯಾಹ್ನ ಮಂಗ ಬಂತು ಅಂತ ಕೇಪು ಕೇಳಿದರು. ಅಮ್ಮ ಕೊಡಲಿಲ್ಲ. "ಮಂಗ ನಾಳೇನೂ ಬರ್ತದೆ" ಅಂದಳು.

ತಯಾರಾಗಿರುವ ಕೋವಿ

ಗೆಳೆಯನಿಗೆ ಬೇಕಾಗಿದ್ದದ್ದು ಇದಕ್ಕೆ ಪೂರಾ ಉಲ್ಟಾ. ರಾತ್ರಿ ಬಾಗಿಲು ಬಡಿದರೆ ಕೈ ಹಾಕಿದ ತಕ್ಷಣ ಸಿಗಬೇಕು, ಸಿಕ್ಕಿದ ತಕ್ಷಣ ಹೊಡೆಯುವ ಹಾಗಿರಬೇಕು. ಆ ಲೆಕ್ಕದಲ್ಲಿ ಜೋಡಿ ನಳಿಗೆಯ 12 ಬೋರ್ ಒಳ್ಳೆಯದು, ಸುಳ್ಳಲ್ಲ. ಎರಡು ಈಡು, ಒಳಗೆ ಕೆಡುವಂಥದ್ದು ಕಮ್ಮಿ. ಮಡಚಿ ತೆರೆದರೆ ತುಂಬಿದೆಯೋ ಖಾಲಿಯೋ ಅಂತ ಕಣ್ಣಿಗೆ ಕಾಣುತ್ತದೆ. ಕೇಪಿನ ಕೋವಿಯಲ್ಲಿ ಈ ಸೌಕರ್ಯ ಇಲ್ಲ. ನಳಿಗೆಯೊಳಗೆ ಹೋದ ವರ್ಷದ ಮದ್ದು ಕೂತಿದ್ದರೂ ಹೊರಗೆ ಗೊತ್ತಾಗುವುದಿಲ್ಲ. ಅಪ್ಪಯ್ಯ ಗಜ ಇಳಿಬಿಟ್ಟು, ಅದು ಹೊರಗೆ ಎಷ್ಟು ಉಳಿಯಿತು ಅಂತ ನೋಡಿ ತಿಳಿದುಕೊಳ್ಳುತ್ತಿದ್ದರು. ಎಷ್ಟೋ ಮನೆಗಳಲ್ಲಿ "ಖಾಲಿ ಕೋವಿ" ಹಾರಿದ ಕತೆಗಳು ಹುಟ್ಟಿದ್ದು ಹೀಗೇ. ಅದನ್ನು ನೆನೆಸಿಕೊಂಡರೆ ಹಳೆಯದನ್ನೇ ಹಾಡಿ ಹೊಗಳುವ ಧೈರ್ಯ ನನಗಿಲ್ಲ.

ಮಳೆಗಾಲವೂ ಒಂದು ಲೆಕ್ಕ. ನಮ್ಮ ಕಡೆ ಜೂನಿನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ. ಕಪ್ಪು ಮದ್ದು ತೇವ ಎಳೆಯುತ್ತದೆ. ಹೊಡೆದ ಮೇಲೆ ನಳಿಗೆಯಲ್ಲಿ ಉಳಿಯುವ ಮಸಿ ಇನ್ನೂ ಜಾಸ್ತಿ ಎಳೆಯುತ್ತದೆ. ಅದೇ ದಿನ ಬಿಸಿನೀರು ಹೊಯ್ದು ತೊಳೆದು, ಒಣಗಿಸಿ, ಎಣ್ಣೆ ಕೊಡದಿದ್ದರೆ ವಾರದಲ್ಲಿ ತುಕ್ಕು. ಕೋವಿಗೆ ಬಿಸಿನೀರ ಸ್ನಾನ ಮಾಡಿಸುವುದನ್ನು ನೋಡಿದ ಬೆಂಗಳೂರಿನ ನೆಂಟರ ಮುಖ ಇನ್ನೂ ನೆನಪಿದೆ. ತೋಟಾಗಳಿಗೂ ಮಳೆ ಆಗದು. ಹಳೇ ಕಾಗದದ ತೋಟಾ ಉಬ್ಬಿಕೊಂಡು ನಳಿಗೆಯಲ್ಲಿ ಸಿಕ್ಕಿಬೀಳುತ್ತಿತ್ತು. ಈಗಿನ ಪ್ಲಾಸ್ಟಿಕ್ಕಿನದು ಪರವಾಗಿಲ್ಲ. ಆದರೂ ಹಿತ್ತಾಳೆ ಬುಡಕ್ಕೆ ಹಸಿರು ಹಿಡಿಯುತ್ತದೆ.

ರೈಫಲ್ ಬಗ್ಗೆ ಅವನಿಗೆ ಕಡ್ಡಿ ತುಂಡು ಮಾಡಿದ ಹಾಗೆ ಬೇಡ ಅಂದೆ. ನಮ್ಮ ಸರ್ಕಾರಿ ಕಾರ್ಖಾನೆಯ ಪಾಯಿಂಟ್ 315 ಸಿಗುತ್ತದೆ, ಲೈಸೆನ್ಸ್ ಸಿಕ್ಕರೆ. ಆದರೆ ಅದರ ಗುಂಡು ಕಿಲೋಮೀಟರ್‌ಗಟ್ಟಲೆ ಹೋಗುತ್ತದೆ. ಅಲಾಸ್ಕದಲ್ಲಿ ಅಷ್ಟು ದೂರಕ್ಕೆ ಬರೀ ಹಿಮ ಇರಬಹುದು. ಮಲೆನಾಡಿನಲ್ಲಿ ಅಷ್ಟು ದೂರದಲ್ಲಿ ಇನ್ನೊಬ್ಬರ ಅಂಗಳ ಇರುತ್ತದೆ, ಮರದ ಮರೆಯಲ್ಲಿ ಕಾಣುವುದಿಲ್ಲ ಅಷ್ಟೆ. ಸಣ್ಣ ಚರೆಯಾದರೆ ಇನ್ನೂರು ಮುನ್ನೂರು ಮೀಟರಿನೊಳಗೆ ಸುಸ್ತಾಗಿ ಬೀಳುತ್ತದೆ. ಹಂದಿ ಅಂದುಕೊಂಡು ಜೊತೆಗಾರನಿಗೇ ಗುಂಡು ಹೊಡೆದ ಸುದ್ದಿ ನಮ್ಮ ಪೇಪರುಗಳಲ್ಲಿ ಹೊಸದೇನಲ್ಲ. ಓದಿದಾಗೆಲ್ಲ ನನಗೆ ಆ ಕೆಮ್ಮು ಕೇಳಿಸುತ್ತದೆ.

ರಿವಾಲ್ವರ್ ಮಾತು ಬಂದಾಗ ನಾನೇ ಕೇಳಿದೆ, "ಯಾರನ್ನ ಹೊಡಿಯಕ್ಕೆ?" ಅವನು ಸುಮ್ಮನಾದ. ಒಂಟಿ ಮನೆಯ ಕಳ್ಳರ ವಿಷಯ ನಮಗೂ ಗೊತ್ತು. ಅಡಿಕೆ ರೇಟು ಏರಿದ ವರ್ಷ ಅಂಗಳದಲ್ಲಿ ಒಣಗಿಸಿದ್ದನ್ನೇ ಬಳಿದುಕೊಂಡು ಹೋದವರಿದ್ದಾರೆ. ಆದರೆ ಅವರು ಬರುವುದು ಮನೆಯಲ್ಲಿ ಯಾರೂ ಇಲ್ಲ ಅಂತ ಗೊತ್ತಾದ ಮೇಲೆ. ಆಗ ಮನೆಯಲ್ಲಿ ಕೋವಿ ಇದ್ದರೆ ಅದೂ ಅವರ ಜೊತೆಗೇ ಹೋಗುತ್ತದೆ. ಆಮೇಲೆ ಠಾಣೆಗೆ ಅಲೆಯುವುದು ಕಳ್ಳನಲ್ಲ, ಲೈಸೆನ್ಸ್ ಇರುವವನು.

ಏರ್‌ಗನ್ ಆದರೂ ತಗೊಳ್ಳಲಾ ಅಂದ. ಪಾಯಿಂಟ್ 177 ಬೋರಿನ, 20 ಜೂಲ್ ದಾಟದ ಏರ್‌ಗನ್‌ಗೆ 2016ರ ನಿಯಮದಲ್ಲಿ ಲೈಸೆನ್ಸ್ ಬೇಡ. ಹಾಗಾಗಿ ಸುಲಭಕ್ಕೆ ಸಿಗುತ್ತದೆ. ನನಗೆ ಅದು ಎಲ್ಲಕ್ಕಿಂತ ಕೆಟ್ಟದ್ದು ಅನಿಸುತ್ತದೆ. ಸದ್ದು ಇಲ್ಲ, ಹಾಗಾಗಿ ಹೆದರಿಕೆ ಇಲ್ಲ. ಮಂಗ ಸಾಯುವುದಿಲ್ಲ, ಕಣ್ಣು ಹೋಗುತ್ತದೆ, ಗಾಯ ಕೊಳೆಯುತ್ತದೆ. ಮಂಗನ ಕಾಯಿಲೆ 1957ರಲ್ಲಿ ಮೊದಲು ಕಾಣಿಸಿಕೊಂಡ ಕ್ಯಾಸನೂರು ನಮ್ಮ ಜಿಲ್ಲೆಯದೇ. ಇಲ್ಲಿ ಮನೆ ಹತ್ತಿರ ಮಂಗ ಸತ್ತರೆ ಮಕ್ಕಳನ್ನು ತೋಟಕ್ಕೆ ಬಿಡದೆ ಕಾಯುವ ಜನ ನಾವು. ಇನ್ನು ಪೈಪಿಗೆ ಕಾರ್ಬೈಡ್ ಹಾಕಿ ಢಂ ಅನ್ನಿಸುವ ಮಂಗನ ಕೋವಿ. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ಅದನ್ನು ಪಟಾಕಿ ಅಂತ ಹಿಡಿದ ಎಷ್ಟು ಮಕ್ಕಳ ಕಣ್ಣು ಹಾಳಾಯಿತು ಅಂತ ಎಲ್ಲರೂ ಓದಿದ್ದೇವೆ. ಹಾರದಿದ್ದಾಗ ಬಗ್ಗಿ ನೋಡುವುದು ಮನುಷ್ಯನ ಬುದ್ಧಿ. ಅದು ಹಾರುವುದೂ ಆಗಲೇ.

ಚುನಾವಣೆ ಬಂದರೆ

ಕೋವಿ ಇರುವ ಮನೆಯವರಿಗೆ ಚುನಾವಣೆ ದಿನಾಂಕ ಪೇಪರ್ ನೋಡುವ ಮೊದಲೇ ಗೊತ್ತಾಗುತ್ತದೆ. ಠಾಣೆಯಿಂದ ಫೋನ್ ಬರುತ್ತದೆ. 2023ರಲ್ಲಿ ವಿಧಾನಸಭೆ, 2024ರಲ್ಲಿ ಲೋಕಸಭೆ, ಎರಡು ವರ್ಷ ಸಾಲಾಗಿ ಒಪ್ಪಿಸಬೇಕಾಯಿತು. ಯಾರಿಗೆ ವಿನಾಯಿತಿ ಕೊಡಬೇಕು ಅಂತ ನೋಡಲು ಜಿಲ್ಲೆಯಲ್ಲಿ ಸಮಿತಿ ಇರುತ್ತದೆ. ಆದರೆ ಎಪ್ಪತ್ತು ದಾಟಿದ ರೈತ ಅರ್ಜಿ ಬರೆದುಕೊಂಡು ಅಲ್ಲಿಗೆ ಹೋಗುತ್ತಾನೆಯೇ? ಕೋವಿ ಕೊಟ್ಟು ಬರುವುದೇ ಸುಲಭ.

2024ರ ಮಾರ್ಚ್‌ನಲ್ಲಿ ಅಪ್ಪಯ್ಯನ ಜೊತೆ ನಾನೇ ಹೋಗಿದ್ದೆ. ಕೋವಿಯನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿದ್ದೆವು. ಠಾಣೆಯ ಜಗಲಿಯಲ್ಲಿ ಆಗಲೇ ಇಪ್ಪತ್ತು ಮಂದಿ. ಎಲ್ಲರ ಮಡಿಲಲ್ಲೂ ಒಂದೊಂದು ಉದ್ದನೆಯ ಗಂಟು. ಆಸ್ಪತ್ರೆಯಲ್ಲಿ ಮಗುವಿಗೆ ಚುಚ್ಚುಮದ್ದು ಹಾಕಿಸಲು ಬಂದವರ ಹಾಗೆ ಕೂತಿದ್ದರು. ಯಾರ ವಯಸ್ಸೂ ಅರವತ್ತಕ್ಕೆ ಕಮ್ಮಿ ಇಲ್ಲ. ಒಬ್ಬರು ತಮ್ಮ ಅಜ್ಜ ದೊರೆಯೊಬ್ಬನಿಂದ ಕೊಂಡಿದ್ದ, ಗ್ರೀನರ್ ಕಂಪನಿಯ ಇಂಗ್ಲಿಷ್ ಕೋವಿ ತಂದಿದ್ದರು. ಹೊರದೇಶದ ಕೋವಿ ತರಿಸುವುದು ಎಂಬತ್ತರ ದಶಕದಿಂದ ನಿಂತೇ ಹೋಗಿರುವುದರಿಂದ ಅಂಥವಕ್ಕೆ ಈಗ ಚಿನ್ನದ ಬೆಲೆ. ಅವರು ಅದನ್ನು ಮೇಜಿನ ಮೇಲೆ ಇಡುವಾಗ "ಸ್ವಲ್ಪ ಒಣ ಜಾಗದಲ್ಲಿ ಇಡಿ ಸಾರ್" ಅಂತ ಮೂರು ಸಲ ಹೇಳಿದರು. ಪೊಲೀಸಪ್ಪ ತಲೆಯಾಡಿಸಿ ಚೀಟಿ ಕಟ್ಟಿ ಒಳಗೆ ಕೊಂಡುಹೋದ. ಗೋಡೆಗೆ ಸಾಲಾಗಿ ಒರಗಿಸಿದ್ದ ಕೋವಿಗಳ ಜೊತೆ ಅದೂ ಒಂದಾಯಿತು. ನಮ್ಮದಕ್ಕೆ ರಶೀದಿಯಲ್ಲಿ "ಎಸ್‌ಬಿಎಂಎಲ್ 1" ಅಂತ ಬರೆದರು.

ಜೂನ್‌ನಲ್ಲಿ, ಮಳೆ ಹಿಡಿದ ಮೇಲೆ, ವಾಪಸ್ ತಂದೆವು. ನಳಿಗೆಯ ಮೇಲೆ ಕೆಂಪು ಪುಡಿ. ಅಪ್ಪಯ್ಯ ಎರಡು ದಿನ ಜಗಲಿಯಲ್ಲಿ ಕೂತು ಸೀಮೆಎಣ್ಣೆ ಬಟ್ಟೆಯಲ್ಲಿ ಉಜ್ಜಿದರು. ಆಗಲೇ ನಾನು ಕೇಳಿದ್ದು, "ಇದನ್ನ ನನ್ನ ಹೆಸರಿಗೆ ಮಾಡಿಸೋಣವಾ?" ಅಂತ. ಲೈಸೆನ್ಸ್ ಇದ್ದವರಿಗೆ 70 ವರ್ಷ ಆದರೆ, ಇಲ್ಲವೇ 25 ವರ್ಷ ಕೋವಿ ಇಟ್ಟುಕೊಂಡಿದ್ದರೆ, ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಲೈಸೆನ್ಸ್ ಕೇಳಬಹುದು. ಅಪ್ಪಯ್ಯನಿಗೆ ಎರಡೂ ಆಗಿತ್ತು. ಅವರು ಉಜ್ಜುವುದನ್ನು ನಿಲ್ಲಿಸದೆ ಕೇಳಿದರು, "ನೀನು ಇಲ್ಲಿ ಇರ್ತೀಯನ?"

ನಾನು ತಿಂಗಳಿಗೆ ಹತ್ತು ದಿನ ಊರಲ್ಲಿ, ಉಳಿದದ್ದು ಬೆಂಗಳೂರಲ್ಲಿ. ಅವರಿಗೆ ಅದು ಗೊತ್ತಿಲ್ಲದ್ದೇನಲ್ಲ. ನಾನು ಉತ್ತರ ಹೇಳಲಿಲ್ಲ. ಮಾತು ಅಲ್ಲಿಗೇ ನಿಂತಿತು.

ಕೊಡಗಿನವರ ಪುಣ್ಯ

ಈ ಲೈಸೆನ್ಸ್, ರಶೀದಿ, ಅರ್ಜಿ ಎಲ್ಲ ಕೇಳಿದವರು ಥಟ್ಟನೆ ಹೇಳುವುದು ಕೊಡಗಿನ ಮಾತು. ಅಲ್ಲಿ ಕೊಡವರಿಗೂ ಜಮ್ಮಾ ಅನ್ನುವ ವಂಶಪಾರಂಪರ್ಯದ ಭೂಮಿ ಇರುವವರಿಗೂ ಲೈಸೆನ್ಸಿನಿಂದ ವಿನಾಯಿತಿ ಉಂಟು. ಬ್ರಿಟಿಷರ ಕಾಲದಲ್ಲಿ 1861ರಲ್ಲಿ ಶುರುವಾದದ್ದು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್‌ವರೆಗೆ ಮುಂದುವರಿಸಿತು. 2021ರಲ್ಲಿ ಹೈಕೋರ್ಟೂ ಎತ್ತಿಹಿಡಿಯಿತು. ನನಗೆ ಹೊಟ್ಟೆಕಿಚ್ಚು ಇರುವುದು ಅದಕ್ಕಲ್ಲ, ಅವರ ಆಯುಧದ ಹಬ್ಬ ಕೈಲ್ ಪೊಳ್ದ್‌ಗೆ. ನಾಟಿ ಕೆಲಸ ಮುಗಿದ ಮೇಲೆ, ಸೆಪ್ಟೆಂಬರ್ ಮೊದಲ ವಾರ, ಕೋವಿಯನ್ನೆಲ್ಲ ತೊಳೆದು ದೇವರ ಕೋಣೆಯಲ್ಲಿಟ್ಟು, ನಳಿಗೆಯ ಬಾಯಿಗೆ ತೋಕ್ ಪೂ ಸಿಕ್ಕಿಸುತ್ತಾರೆ. ತೋಕ್ ಅಂದರೆ ಕೋವಿ, ಅದಕ್ಕೇ ಮೀಸಲಾದ ಹೂ. ನಮ್ಮ ಕಡೆ ಗೌರಿಹೂ ಅನ್ನುತ್ತೇವಲ್ಲ, ಬೆಂಕಿಯ ನಾಲಗೆಯ ಹಾಗಿರುವ ಕೆಂಪು ಹಳದಿ ಹೂ, ಅದೇ. ಮಗು ಹುಟ್ಟಿದರೆ ಈಡು, ಸಾವಾದರೆ ಈಡು, ಸುಗ್ಗಿಯ ಹಬ್ಬ ಪುತ್ತರಿಯಲ್ಲಿ ಕದಿರು ತೆಗೆಯುವಾಗ ಈಡು. ಕೋವಿ ಅಲ್ಲಿ ಮನೆಮಂದಿಯಲ್ಲಿ ಒಬ್ಬ. ನಮ್ಮಲ್ಲಿ ಅದು ಹಾರೆ ಗುದ್ದಲಿಯ ಸಾಲಿನದು. ಆಯುಧಪೂಜೆಗೆ ಟಿಲ್ಲರಿನ ಪಕ್ಕದಲ್ಲಿ ಒಂದು ಕುಂಕುಮದ ಬೊಟ್ಟು, ಅಷ್ಟೆ.

ಅಂಗಡಿಯಲ್ಲಿ

ಗೆಳೆಯ ಅರ್ಜಿ ತಂದುಕೊಂಡು ನೋಡಿದ. ಪಹಣಿ, ಪೊಲೀಸ್ ವರದಿ, ಸುರಕ್ಷತೆಯ ತರಬೇತಿ ಪಡೆದ ಸರ್ಟಿಫಿಕೇಟು, ಕೋವಿಯನ್ನು ಬೀಗ ಹಾಕಿ ಇಡಲು ಜಾಗ. ಅಷ್ಟರಲ್ಲಿ ಒಂದು ಬೆಳಗ್ಗೆ ಅವನ ಮನೆ ಹಿಂದಿನ ಬಾಳೆಯನ್ನೆಲ್ಲ ಆನೆ ಮಲಗಿಸಿ ಹೋಗಿತ್ತು. ಅವತ್ತು ಅವನು ಫೋನ್ ಮಾಡಿದಾಗ ದನಿ ಬೇರೆಯೇ ಇತ್ತು. "ಕಿಟಕಿಯಿಂದ ನೋಡ್ದೆ. ಮನೆಗಿಂತ ದೊಡ್ಡದು ಅನ್ನಿಸ್ತು. ಕೈಯಲ್ಲಿ ಎಂತ ಇದ್ರೂ ಏನೂ ಆಗ್ತಿರ್ಲಿಲ್ಲ" ಅಂದ. ಆನೆ ಎಲ್ಲಿದೆ ಅಂತ ಮೊಬೈಲಿಗೆ ಬರುವ ಮೆಸೇಜ್ ಗುಂಪಿಗೆ ಸೇರಿಕೊಂಡಿದ್ದಾನೆ. ಎರಡು ಊರನಾಯಿ ಸಾಕಿದ್ದಾನೆ. ದೊಡ್ಡ ಬ್ಯಾಟರಿ ತಗೊಂಡಿದ್ದಾನೆ. ಒಂದೂವರೆ ಕಿಲೋಮೀಟರ್ ದೂರದ ಮನೆಯವರ ಗೃಹಪ್ರವೇಶಕ್ಕೆ ಹೋಗಿ ಊಟ ಮಾಡಿ ಬಂದನಂತೆ. ಈಗ ಅವರ ಮಗ ರಾತ್ರಿ ಬೈಕಲ್ಲಿ ಹೋಗುವಾಗ ಇವನ ಗೇಟಿನ ಹತ್ತಿರ ಒಂದು ಹಾರ್ನ್ ಹೊಡೆದು ಹೋಗುತ್ತಾನಂತೆ. ಕೋವಿಯ ಮಾತು ಅವನು ಮತ್ತೆ ತೆಗೆದಿಲ್ಲ. ನಾನೂ ತೆಗೆದಿಲ್ಲ.

ನನ್ನ ಪಾಲಿನದು ಉಳಿದಿತ್ತು. ಹೋದ ತಿಂಗಳು ಶಿವಮೊಗ್ಗಕ್ಕೆ ಹೋದಾಗ ಅಂಗಡಿಯವರು ಕೋವಿ ತೆಗೆದು ತೋರಿಸಿದರು. ಮಾರಿದರೆ ಎಷ್ಟು ಬರಬಹುದು ಅಂತ ಕೇಳಿದೆ. ಅವರು ಹೇಳಿದ ಮೊತ್ತದಲ್ಲಿ ಒಂದು ಒಳ್ಳೆ ಮಿಕ್ಸಿಯೂ ಬರುವುದಿಲ್ಲ. ಈಗ ಇದನ್ನು ಕೇಳುವವರು ಯಾರು ಸಾರ್ ಅಂದರು. ಕೈಗೆ ತಗೊಂಡೆ. ಮರದ ಹಿಡಿಯಲ್ಲಿ ಅಪ್ಪಯ್ಯನ ಕೆನ್ನೆ ತಾಗುತ್ತಿದ್ದ ಜಾಗ ನುಣ್ಣಗೆ ಕಪ್ಪಾಗಿದೆ. ನನ್ನ ಕೆನ್ನೆ ಅಲ್ಲಿ ಸರಿಯಾಗಿ ಕೂರುವುದಿಲ್ಲ, ನನ್ನ ಕುತ್ತಿಗೆ ಉದ್ದ. ವಾರಸುದಾರರ ಅರ್ಜಿ ಕೇಳಿ ತಗೊಂಡೆ. ತಿಂಗಳಿಗೆ ಇಪ್ಪತ್ತು ದಿನ ಊರಲ್ಲಿ ಇರುವುದು ಸಾಧ್ಯವೇ ಅಂತ ಆಫೀಸಿನಲ್ಲಿ ಕೇಳಿದ್ದೇನೆ, ಉತ್ತರ ಬಂದಿಲ್ಲ.

ಮನೆಗೆ ಬಂದಾಗ ಸಂಜೆ ಐದು ಗಂಟೆ. ಅಮ್ಮ ಅಂಗಳದ ತುದಿಯಲ್ಲಿ ನಿಂತು ಖಾಲಿ ಎಣ್ಣೆ ಡಬ್ಬ ಬಡಿಯುತ್ತಿದ್ದಳು. ಮಂಗಗಳು ಅಡಿಕೆ ಮರದ ಮೇಲೆ ಕೂತು ಅವಳನ್ನೇ ನೋಡುತ್ತಿದ್ದವು. ಅರ್ಜಿ ತಂದ ವಿಷಯ ಹೇಳಿದೆ. ಅವಳು ಇನ್ನೆರಡು ಸಲ ಡಬ್ಬ ಬಡಿದಳು.

"ತರದಾದ್ರೆ ತಾ" ಅಂದಳು. "ಕೇಪು ಮಾತ್ರ ನನ್ನ ಟ್ರಂಕಲ್ಲೇ ಇರ್ಲಿ."